ಗೇಟಿನವರೆಗಿನ ತಮಟೆ

ತಮಟೆಯ ತೊಗಲನ್ನು ಬೆಂಕಿಗೆ ಹಿಡಿದಾಗ ಬರುವ ವಾಸನೆಯೇ ಬೇರೆ. ಹುಲ್ಲಿನ ಹೊಗೆ, ಬಿಸಿಯೇರಿದ ಚರ್ಮ, ಅದರೊಳಗೆಲ್ಲೋ ಉಳಿದುಕೊಂಡ ದನದ ಮೈಬೆವರು. ಚಿಕ್ಕಂದಿನಲ್ಲಿ ಹುಚ್ಚಮ್ಮನಿಗೆ ಅದು ಅನ್ನದ ವಾಸನೆ. ಅವಳಪ್ಪ ಕರಿಯಪ್ಪ ತಮಟೆ ಕಾಯಿಸಲು ಕೂತನೆಂದರೆ ಅಜ್ಜಂಪುರದ ಊರೊಳಗೆ ಯಾರೋ ಸತ್ತಿರಬೇಕು, ಇಲ್ಲವೇ ಯಾರದೋ ಮದುವೆ ಇರಬೇಕು. ಯಾವುದಾದರೇನು, ಸಂಜೆಗೆ ಮಾದಿಗರ ಕೇರಿಯ ಆ ಗುಡಿಸಲಿಗೆ ಮಡಕೆ ತುಂಬ ಅನ್ನ ಬರುತ್ತಿತ್ತು. ಹೆಣವೂ ಮದುಮಗಳೂ ಆ ಮಗುವಿನ ಹೊಟ್ಟೆಗೆ ಒಂದೇ ಆಗಿದ್ದರು.

ಆಮೇಲೆ ಅದೇ ತೊಗಲಿನ ಇನ್ನೊಂದು ವಾಸನೆಯೂ ಅವಳಿಗೆ ಗೊತ್ತಾಯಿತು. ಕೇರಿಯ ಕೆಲವು ಮನೆಯವರು ಮಿಷನ್ನಿಗೆ ಸೇರಿದ ದಿನ ಅದು. ದೀಕ್ಷಾಸ್ನಾನಕ್ಕೆ ಮೊದಲು ಉಪದೇಶಿ ಬೆನಕಪ್ಪ ಚರ್ಚಿನ ಮುಂದೆ ಬೆಂಕಿ ಹಾಕಿಸಿದ. ತಮಟೆಯಲ್ಲಿ ಪಿಶಾಚಿ ಇದೆ ಎಂದ. ಬಾರಿಸಿದ ಕೈಯೇ ಅದನ್ನು ಸುಡಬೇಕು ಎಂದ. ಕರಿಯಪ್ಪ ತನ್ನ ತಾತನ ಕಾಲದ ತಮಟೆಯನ್ನು ಬೆಂಕಿಗೆ ಇಟ್ಟ. ಎಸೆಯಲಿಲ್ಲ, ಇಟ್ಟ; ಕೂಸನ್ನು ಮಲಗಿಸುವ ಹಾಗೆ. ತೊಗಲು ಮುದುಡಿತು, ಉಬ್ಬಿತು, ಒಡೆಯಿತು. ಬೆನಕಪ್ಪ ಮೂಗಿಗೆ ಪಂಚೆಯ ಚುಂಗು ಹಿಡಿದುಕೊಂಡು ಸತ್ಯವೇದ ಓದಿದ. ತಮಟೆ ಬಿಡಿಸಿದ ಮನುಷ್ಯ ತನ್ನ ಬೆನಕನ ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ. ಆ ಹೆಸರಿನಲ್ಲಿ ಪಿಶಾಚಿ ಇರಲಿಲ್ಲವೆಂದು ಕಾಣುತ್ತದೆ.

ಪಿಶಾಚಿ ಹೋಯಿತು. ಅದರ ಹಿಂದೆಯೇ ಹೆಣದ ಮನೆಯ ಅನ್ನವೂ ಹೋಯಿತು. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಜೋಳವೂ ಹೋಯಿತು. ಬದಲಿಗೆ ಕರಿಯಪ್ಪನಿಗೆ ಚರ್ಚಿನ ಅಂಗಳ ಗುಡಿಸುವ ಕೆಲಸ ಸಿಕ್ಕಿತು. ಹುಚ್ಚಮ್ಮನಿಗೆ ಮಾರ್ಥಾ ಎಂಬ ಹೆಸರು ಸಿಕ್ಕಿತು. ಆ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ.

ಹುಚ್ಚಮ್ಮ ಬೆಳೆದಳು, ಮದುವೆಯಾದಳು. ಗಂಡನನ್ನು ಪ್ಲೇಗು ಒಯ್ದ ಮೇಲೆ ಅಪ್ಪನ ಗುಡಿಸಲಿಗೇ ಮರಳಿದಳು. ಅಷ್ಟು ಹೊತ್ತಿಗೆ ಚರ್ಚಿಗೊಂದು ಆರ್ಗನ್ನು ಬಂದಿತ್ತು. ಬಾಬಾಬುಡನ್ ಬೆಟ್ಟದ ಕಾಫಿ ತೋಟದ ದೊರೆಸಾನಿಯೊಬ್ಬಳು ಸೀಮೆಗೆ ವಾಪಸಾಗುವಾಗ ಹಡಗಿಗೆ ಹೊರೆಯೆಂದು ಬಿಟ್ಟುಹೋದದ್ದು. ಅದರ ಮುಂದೆ ಬೆರಳಿಟ್ಟು ಬಾರಿಸುವ ಕಪ್ಪು ಬಿಳಿ ಮನೆಗಳು, ಹಿಂದೆ ತಿದಿ. ಕಮ್ಮಾರನ ತಿದಿಯಂಥದೇ, ಸ್ವಲ್ಪ ದೊಡ್ಡದು. ಒಬ್ಬರು ಮುಂದೆ ಕೂತು ಬಾರಿಸಬೇಕು, ಇನ್ನೊಬ್ಬರು ಹಿಂದೆ ನಿಂತು ಹಿಡಿಕೆ ಒತ್ತಿ ಗಾಳಿ ತುಂಬಬೇಕು. ಬಾರಿಸಲು ಹೆಡ್ ಮೇಷ್ಟ್ರ ಹೆಂಡತಿ ಶಾರದಾಂಬಾ. ಗಾಳಿಗೆ ಹುಚ್ಚಮ್ಮ. ನಡುವೆ ಒಂದು ಕೆಂಪು ಪರದೆ.

ಪರದೆ ಹಾಕಿಸಿದವರು ಹೆಡ್ ಮೇಷ್ಟ್ರು ಲಕ್ಷ್ಮೀಪತಯ್ಯ. ಧ್ಯಾನಕ್ಕೆ ಕೂತವರ ಕಣ್ಣಿಗೆ ಬೆವರುವ ಹೆಂಗಸು ಬೀಳಬಾರದು ಎಂದಿದ್ದರು. ಅವರು ಹುಟ್ಟಿನಿಂದ ಬ್ರಾಹ್ಮಣರು. ಕಾಲೇಜಿನಲ್ಲಿ ಓದುವಾಗ ಸತ್ಯವೇದ ಹಿಡಿದು ಮನೆ ಬಿಟ್ಟವರು, ಜನಿವಾರ ತೆಗೆದವರು. ಅದಕ್ಕೆ ಧೈರ್ಯ ಬೇಕು, ಇಲ್ಲವೆನ್ನುವಂತಿಲ್ಲ. ಆದರೂ ಕೇರಿಯವರು ಎದುರಿಗೆ ಬಂದರೆ ಅವರ ಬಲಗೈ ತಾನಾಗಿ ಎಡ ಭುಜಕ್ಕೆ ಹೋಗಿ, ಅಲ್ಲಿ ಇಲ್ಲದ ಎಳೆಯನ್ನು ಸರಿಮಾಡಿ ಬರುತ್ತಿತ್ತು.

ಶಾರದಾಂಬಾ ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ಕುಟ್ಟಿದರೆ ಗಾಳಿ ಬೇಕು ಎಂದರ್ಥ. ಒಂದು ಸಲ ಕುಟ್ಟಿದರೆ ಸಾಕು ಎಂದರ್ಥ. ಅವರಿಬ್ಬರ ಮಾತುಕತೆ ಅಷ್ಟೇ. ದೀರ್ಘವಾದ ಗೀತೆಗೆ ಹುಚ್ಚಮ್ಮನ ರಟ್ಟೆ ಬಿದ್ದುಹೋಗುತ್ತಿತ್ತು. ಬೆನ್ನಿನ ಮೇಲೆ ಬೆವರು ಇಳಿದು ಸೀರೆ ಅಂಟುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತು. ಒಂದು ಭಾನುವಾರ ಬಂದು ನೋಡಿದರೆ ಹಿಡಿಕೆಗೆ ಮೆತ್ತನೆಯ ಹಳೆ ಬಟ್ಟೆ ಸುತ್ತಿತ್ತು. ಯಾರು ಸುತ್ತಿದರೆಂದು ಯಾರೂ ಹೇಳಲಿಲ್ಲ. ಆ ಬಟ್ಟೆಯ ಅಂಚನ್ನು ಮಾತ್ರ ಹುಚ್ಚಮ್ಮ ಹಿಂದೆ ಶಾರದಾಂಬೆಯ ಸೀರೆಯಲ್ಲಿ ನೋಡಿದ್ದಳು.

ಅದೇ ಶಾರದಾಂಬಾ ಕರ್ತನ ಭೋಜನದ ದಿನ ಬೆಳ್ಳಿ ಬಟ್ಟಲಿನ ದ್ರಾಕ್ಷಾರಸಕ್ಕೆ ಬಾಯಿಟ್ಟು, ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ಕೂರುವಳು. ಹಿಂದಿನ ಸಾಲಿನ ಕೇರಿಯವರಿಗೆ ತಗಡಿನ ಲೋಟ ಬರುವುದನ್ನು ಅವಳು ತಿರುಗಿ ನೋಡಿದವಳಲ್ಲ. ಹುಚ್ಚಮ್ಮ ಎರಡನ್ನೂ ನೆನಪಿಟ್ಟುಕೊಂಡಿದ್ದಳು, ಬಟ್ಟೆಯನ್ನೂ ಲೋಟವನ್ನೂ.

ಒಮ್ಮೆ ತಿದಿಯ ಚರ್ಮ ಸೀಳಿತು. ಸೀಮೆಯಿಂದ ತರಿಸಲು ವರ್ಷ ಹಿಡಿಯುತ್ತದೆ ಎಂದರು. ಕರಿಯಪ್ಪನನ್ನು ಕರೆಸಿದರು. ಅವನು ಕರುವಿನ ತೊಗಲು ಹದಮಾಡಿ ತಂದು ತೇಪೆ ಹಾಕಿದ. ಆರ್ಗನ್ನು ಮತ್ತೆ ಉಸಿರಾಡಿತು. ತೊಗಲಿನಲ್ಲಿರುವ ಪಿಶಾಚಿಯ ಮಾತು ಅಂದು ಬೆನಕಪ್ಪನಿಗೆ ನೆನಪಾಗಲಿಲ್ಲ.

ಆ ವರ್ಷ ಹಿಂಗಾರು ಬಿತ್ತನೆ ಮುಗಿಯುವ ಕಾಲಕ್ಕೆ ಪಾದ್ರಿ ದೊರೆ ರೈಲಿನಲ್ಲಿ ಬಂದರು. ವರ್ಷಕ್ಕೆ ಎರಡು ಸಲ ಬರುವವರು. ಪ್ರಸಂಗ ಮುಗಿಸಿ ಒಂದು ಮಾತು ಹೇಳಿದರು. ಸೀಮೆಯ ರಾಗಗಳು ಸಾಕು, ಕ್ರಿಸ್‌ಮಸ್ಸಿಗೆ ತಾವು ಮತ್ತೆ ಬರುವಾಗ ಈ ದೇಶದ ಜನರ ಸಂಗೀತದಲ್ಲಿಯೇ ಕರ್ತನ ಸ್ತುತಿ ಕೇಳಬೇಕು ಎಂದರು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಕರಿಯಪ್ಪ ಕೂತಿದ್ದ. ಅವನು ಯಾರ ಮುಖವನ್ನೂ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ.

ಮನೆಗೆ ಹೋಗುವ ದಾರಿಯಲ್ಲಿ ಮಗಳಿಗೆ ಹೇಳಿದ: "ಈ ದೇಶದ ಜನ ಅಂದ್ರೆ ನಾವೂ ಸೇರ್ತೀವಿ ಅಲ್ಲೇನವ್ವಾ?"

"ಸೇರ್‍ದೆ ಎಲ್ಲಿಗೋಗ್ತೀವಿ," ಎಂದಳು ಹುಚ್ಚಮ್ಮ.

ಕರಿಯಪ್ಪ ಶಿವನಿಯ ಕಡೆಯಿಂದ ಸತ್ತ ಕರುವಿನ ತೊಗಲು ತಂದ. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಕಬ್ಬಿಣದ ಬಳೆಗೆ ಬಿಗಿದ. ಅವನ ತಲೆಯಲ್ಲಿ ಒಂದು ಹಾಡು ಬಹಳ ಕಾಲದಿಂದ ಇತ್ತು. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ತಮಟೆ ಹಿಡಿದು ಆ ಬಾಗಿಲೊಳಗೆ ಹೋಗಿ ಅದನ್ನು ಹಾಡಬೇಕು. ತಾನು ಸುಟ್ಟದ್ದು ಪಿಶಾಚಿಯನ್ನಲ್ಲ ಎಂದು ಕರ್ತನಿಗೆ ತಿಳಿಯಬೇಕು. ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ.

ಇತ್ತ ಗೀತೆಗಳನ್ನು ಆರಿಸಲು ಕಮಿಟಿ ಆಯಿತು. ಲಕ್ಷ್ಮೀಪತಯ್ಯ, ಬೆನಕಪ್ಪ, ಅಮಲ್ದಾರ್ ಕಚೇರಿಯ ಗುಮಾಸ್ತೆ ತೀರ್ಥಪ್ಪ. ಮೂವರೂ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತರು. ಕೆಳಗೆ ಅಂಗಳ ಸಾರಿಸುತ್ತಿದ್ದ ಹುಚ್ಚಮ್ಮನ ಕಿವಿಗೆ ಎಲ್ಲವೂ ಬೀಳುತ್ತಿತ್ತು. ಸಗಣಿಗೆ ಕಿವಿ ಇರುವುದಿಲ್ಲ, ಸಗಣಿ ಸಾರಿಸುವವಳಿಗೂ ಇರುವುದಿಲ್ಲ ಎಂದು ಅವರ ನಂಬಿಕೆ.

ಮೊದಲನೆಯ ಗೀತೆಗೆ ತಕರಾರೇ ಇರಲಿಲ್ಲ. ದೊರೆ ಏನೇ ಹೇಳಲಿ, ಶುರುವಿಗೆ ಸೀಮೆಯದೇ ಇರಬೇಕು, ಇಲ್ಲದಿದ್ದರೆ ಅವರಿಗೇ ಬೇಸರವಾದೀತು ಎಂದು ತೀರ್ಥಪ್ಪ ಹೇಳಿದ. ಹಿಮ ಬೀಳುವ ಗೀತೆಯನ್ನು ಆರಿಸಿದರು. ಅಜ್ಜಂಪುರದ ಎರೆ ಮಣ್ಣಿನಲ್ಲಿ ಹಿಮ ಕಂಡವರು ಯಾರೂ ಇಲ್ಲ. ಹಿಮವೆಂದರೇನು ಎಂದು ಕೇರಿಯ ಹೆಂಗಸರು ಹಿಂದೊಮ್ಮೆ ಕೇಳಿದ್ದಕ್ಕೆ ಬೆನಕಪ್ಪ ಬಹಳ ಯೋಚಿಸಿ, ಆಕಾಶದಿಂದ ಬೀಳುವ ಸುಣ್ಣ ಎಂದಿದ್ದ. ಕೇರಿಯವರು ಅಂದಿನಿಂದ ಆ ಗೀತೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು, ಸುಣ್ಣ ಬಿದ್ದೀತೆಂದು.

ಎರಡನೆಯದಕ್ಕೆ ಈ ದೇಶದ ಸಂಗೀತ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಅದು ಈ ದೇಶದಲ್ಲಿ ಅಷ್ಟು ಸುಲಭವಾಗಿ ಸಿಗುವ ವಸ್ತುವಲ್ಲ ಎಂಬಂತೆ ಮೂವರೂ ತಲೆ ಕೆರೆದುಕೊಂಡರು. ಕೊನೆಗೆ ತರೀಕೆರೆಯಿಂದ ಪಿಟೀಲಿನವರನ್ನೂ ಮೃದಂಗದವರನ್ನೂ ಕರೆಸುವುದೆಂದಾಯಿತು. ಕೀರ್ತನೆ ಬರೆದುಕೊಡುವುದು ಮೇಷ್ಟ್ರು. ತರೀಕೆರೆಯವರಿಗೆ ಚರ್ಚಿನಲ್ಲಿ ಬಾರಿಸಲು ಅಡ್ಡಿಯಿಲ್ಲ. ಆದರೆ ಇಲ್ಲಿ ನೀರು ಮುಟ್ಟುವುದಿಲ್ಲ, ಬಾಳೆಹಣ್ಣು ಮಾತ್ರ ಆದೀತು ಎಂದು ಹೇಳಿಕಳಿಸಿದರು. ಅದು ಮೇಷ್ಟ್ರಿಗೆ ನ್ಯಾಯವಾಗಿಯೇ ಕಂಡಿತು.

ಆಗ ಕರಿಯಪ್ಪ ಬಂದ. ತಮಟೆಗೆ ಗೋಣಿ ಸುತ್ತಿಕೊಂಡು ಬಂದಿದ್ದ. ಅಂಗಳದಲ್ಲಿ, ಇನ್ನೂ ಒಣಗದ ಸಗಣಿಯ ಅಂಚಿನಲ್ಲಿ ನಿಂತ. ತನ್ನದೊಂದು ಹಾಡಿದೆ, ಕೇಳಿ ನೋಡಬೇಕು ಎಂದ. ಹಾಡು ಎಂದರು. ತಮಟೆ ಬಿಚ್ಚಲಿಲ್ಲ, ತೊಡೆಯ ಮೇಲೆ ತಾಳ ಹಾಕಿಕೊಂಡು ಹಾಡಿದ:

ದನದ ಕೊಟ್ಟಿಗೇಲಿ ಹುಟ್ಟಿದೋನೆ, ನಮ್ಮ
ದೊಡ್ಡಿ ವಾಸನೆ ಬಲ್ಲೋನೆ
ಊರ ಒಳಗೆ ಜಾಗ ಸಿಗದೋನೆ, ನಮ್ಮ
ಕೇರಿ ಕಡೆಗೆ ಬಾರೋನೆ

ಕಿಟಕಿಯ ಒಳಗೆ ಶಾರದಾಂಬೆಯ ಬಳೆಯ ಸದ್ದು ನಿಂತಿತ್ತು. ಲಕ್ಷ್ಮೀಪತಯ್ಯನವರ ಕೈ ಭುಜಕ್ಕೆ ಹೋಗಿ ಬಂತು. "ಆಗಲಿ ಕರಿಯಪ್ಪ, ನೋಡೋಣ. ಅವತ್ತು ಹೊರಗೆ ಹುಣಸೆ ಮರದ ಹತ್ರ ಇರು. ಕರೀತೀವಿ."

ಮುದುಕ ನೆಲ ಮುಟ್ಟಿ ನಮಸ್ಕಾರ ಮಾಡಿ ಹೋದ. ಅವನು ಬೇಲಿ ದಾಟುವವರೆಗೂ ಮೂವರು ತಡೆದುಕೊಂಡಿದ್ದರು. ಆಮೇಲೆ ನಕ್ಕರು. ಕರ್ತನಿಗೆ ದೊಡ್ಡಿಯ ವಾಸನೆ ಹಿಡಿಸಿದನಲ್ಲ ಎಂದು ಬೆನಕಪ್ಪ ಹೇಳಿದ. ಕೇರಿ ಎಂಬ ಮಾತು ಸತ್ಯವೇದದಲ್ಲಿ ಎಲ್ಲೂ ಇಲ್ಲ ಎಂದು ತೀರ್ಥಪ್ಪ ಹೇಳಿದ. ಮತ್ತೆ ಅವನಿಗೆ ಇನ್ನೊಂದು ಹೊಳೆಯಿತು. ದೊರೆ ಸ್ಟೇಷನ್ನಿನಿಂದ ಬರುವಾಗ ಮುಂದೆ ಏನಾದರೂ ಸದ್ದು ಬೇಕು, ಅದಕ್ಕೆ ಈ ಮುದುಕನನ್ನು ಹಾಕಿಕೊಳ್ಳಬಹುದು. ಗೇಟಿನವರೆಗೆ.

"ಅದರಲ್ಲಿ ಪಿಶಾಚಿ ಅಂದಿದ್ರಲ್ಲ ನೀವು?" ಎಂದರು ಮೇಷ್ಟ್ರು.

"ಗೇಟಿನ ಆಚೆಗೆ ಇದ್ರೆ ಏನಂತೆ," ಎಂದ ಬೆನಕಪ್ಪ.

ಹೀಗೆ ಪಿಶಾಚಿಗೆ ಗೇಟಿನವರೆಗೆ ಪರವಾನಗಿ ಸಿಕ್ಕಿತು. ಹುಚ್ಚಮ್ಮ ಸಾರಿಸುವುದನ್ನು ಮುಗಿಸಿ ಕೈ ತೊಳೆದುಕೊಂಡಳು. ಮನೆಗೆ ಹೋದಳು. ಅಪ್ಪ ತೊಗಲಿಗೆ ಹರಳೆಣ್ಣೆ ತಿಕ್ಕುತ್ತ ಕೂತಿದ್ದ. ಕರೀತೀವಿ ಅಂದ್ರು ಕಣವ್ವಾ ಎಂದ. ಹೇಳಬೇಕೆಂದು ಅವಳ ಬಾಯಿ ತೆರೆಯಿತು. ಎಣ್ಣೆ ತಿಕ್ಕುವ ಆ ಕೈ ನೋಡಿ ಮುಚ್ಚಿಕೊಂಡಿತು.

ಕ್ರಿಸ್‌ಮಸ್ ಬಂತು. ರೈಲು ತಡವಾಗಿ ಬಂತು. ದೊರೆ ಇಳಿದರು, ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಕರಿಯಪ್ಪ ಸ್ಟೇಷನ್ನಿನಿಂದ ಚರ್ಚಿನವರೆಗೂ ಹಿಮ್ಮುಖವಾಗಿ ನಡೆಯುತ್ತ, ದೊರೆಗೆ ಬೆನ್ನು ತೋರಿಸದೆ ಬಾರಿಸಿದ. ಎಷ್ಟೋ ವರ್ಷ ಸುಮ್ಮನಿದ್ದ ಕೈ. ಅವನ ಎದೆ ಏದುತ್ತಿತ್ತು, ಮುಖ ಮಾತ್ರ ಹೊಳೆಯುತ್ತಿತ್ತು. ಗೇಟು ಬಂತು. ಬೆನಕಪ್ಪ ಅಡ್ಡಲಾಗಿ ಕೈ ಚಾಚಿದ. ದೊರೆಯೂ ಮೇಷ್ಟ್ರೂ ಪಿಟೀಲೂ ಮೃದಂಗವೂ ಒಳಗೆ ಹೋದವು. ಮುದುಕನಿಗೆ ಹುಣಸೆ ಮರ ತೋರಿಸಿದರು.

ಹುಚ್ಚಮ್ಮ ಪರದೆಯ ಹಿಂದೆ ನಿಂತಳು. ಟಕ್ ಟಕ್ ಎಂದು ಹಿಮ್ಮಡಿ ಕುಟ್ಟಿತು. ಅವಳು ಒತ್ತಿದಳು. ಹಿಮ ಬೀಳತೊಡಗಿತು. ಒಂದು ಚರಣ, ಎರಡು ಚರಣ. ಅವಳ ಬೆನ್ನ ಹಿಂದೆ ಸಣ್ಣದೊಂದು ಕಿಟಕಿ. ಅದರೊಳಗಿಂದ ಆ ವಾಸನೆ ಬಂತು.

ಹುಲ್ಲಿನ ಹೊಗೆ. ಬಿಸಿಯೇರಿದ ತೊಗಲು.

ತಿರುಗಿ ನೋಡಿದಳು. ಹುಣಸೆ ಮರದ ಕೆಳಗೆ ಕರಿಯಪ್ಪ ಒಣಹುಲ್ಲು ಕೂಡಿಸಿ ಬೆಂಕಿ ಮಾಡಿದ್ದ. ತಮಟೆ ಕಾಯಿಸುತ್ತಿದ್ದ. ಬೆರಳಲ್ಲಿ ತಟ್ಟಿ ನೋಡುವುದು, ಮತ್ತೆ ಬೆಂಕಿಗೆ ಹಿಡಿಯುವುದು. ನಡುನಡುವೆ ಚರ್ಚಿನ ಬಾಗಿಲ ಕಡೆ ನೋಡುವುದು. ಕರೆದಾಗ ತೊಗಲು ಸಡಿಲವಾಗಿರಬಾರದಲ್ಲ.

ಹುಚ್ಚಮ್ಮ ಹಿಡಿಕೆ ಬಿಟ್ಟಳು.

ತಿದಿಯಲ್ಲಿ ಉಳಿದ ಗಾಳಿ ಇರುವವರೆಗೆ ಹಿಮ ಬಿತ್ತು. ಆಮೇಲೆ ಆರ್ಗನ್ನು ಕೆಸರಿನಲ್ಲಿ ಸಿಕ್ಕ ಎಮ್ಮೆಯ ಹಾಗೆ ನರಳಿ ನಿಂತಿತು. ಟಕ್ ಟಕ್. ಹುಚ್ಚಮ್ಮ ಅಲ್ಲಾಡಲಿಲ್ಲ. ಮತ್ತೆ ಟಕ್ ಟಕ್. ಆಮೇಲೆ ಹಿಮ್ಮಡಿಯೂ ಸುಮ್ಮನಾಯಿತು.

ಪರದೆ ಸರಿಸಿಕೊಂಡು ಲಕ್ಷ್ಮೀಪತಯ್ಯ ಬಂದರು. ದೊರೆಗೆ ತೋರಿಸಿದ ನಗು ಇನ್ನೂ ಮುಖಕ್ಕೆ ಅಂಟಿಕೊಂಡಿತ್ತು.

"ಒತ್ತೇ."

"ಒತ್ತಲ್ಲ."

"ಮೈ ಹುಷಾರಿಲ್ವಾ?"

"ಮೈ ಚೆನ್ನಾಗೈತೆ."

"ಮತ್ತೇನೇ ರೋಗ ನಿಂಗೆ? ಮುಂದೆ ದೊರೆ ಕೂತಿದಾರೆ."

"ಹಿಂದೆ ನಮ್ಮಪ್ಪ ಕೂತವ್ನೆ, ಮೇಷ್ಟ್ರೇ. ಬೆಂಕಿ ಮುಂದೆ. ನೀವು ಕರೀತೀರಿ ಅಂತ."

ಅಲ್ಲಿಯವರೆಗೆ ಅವಳು ಅವರನ್ನು ಬುದ್ಧಿ ಎಂಬುದನ್ನು ಬಿಟ್ಟು ಬೇರೆ ಮಾತಿನಿಂದ ಕರೆದವಳಲ್ಲ. ಮೇಷ್ಟ್ರಿಗೆ ತಿದಿ ನಿಂತದ್ದಕ್ಕಿಂತ ಅದು ಹೆಚ್ಚು ನಾಟಿತು. ಅವಳನ್ನು ತಳ್ಳಿ ತಾವೇ ಹಿಡಿಕೆ ಹಿಡಿದರು. ಹುಟ್ಟಿದ ಮೇಲೆ ಯಾವ ಹಿಡಿಕೆಯನ್ನೂ ಒತ್ತದ ಕೈ ಅದು. ಒಮ್ಮೆ ಜೋರಾಗಿ ಒತ್ತಿದರು, ಒಮ್ಮೆ ಮರೆತರು, ಒಮ್ಮೆ ಪೇಟ ಜಾರಿತೆಂದು ನಿಲ್ಲಿಸಿದರು. ಆರ್ಗನ್ನು ಕಿರುಚಿತು, ಬಿಕ್ಕಳಿಸಿತು, ಮೇಕೆಯಂತೆ ಅರಚಿತು. ಮುಂದೆ ಕೂತ ದೊರೆ ಕಣ್ಣು ಮುಚ್ಚಿ ಮೆಲ್ಲಗೆ ತಲೆದೂಗತೊಡಗಿದರು. ಈ ದೇಶದ ಸಂಗೀತ ಶುರುವಾಯಿತೆಂದು ತಿಳಿದರೆಂದು ಕಾಣುತ್ತದೆ.

ಅಷ್ಟರಲ್ಲಿ ಒಂದು ಹೆಣ್ಣುದನಿ ಕೇಳಿಸಿತು. "ಗಾಳಿ ಇಲ್ಲ." ಶಾರದಾಂಬಾ ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಬಾರಿಸು ಎಂದು ಗಂಡ ಪರದೆಯ ಹಿಂದಿನಿಂದ ಪಿಸುಗುಟ್ಟಿದರು. ಅವಳು ಆರ್ಗನ್ನಿನ ಮುಚ್ಚಳ ಇಳಿಸಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

ಹುಚ್ಚಮ್ಮ ಪರದೆಯಿಂದ ಹೊರಗೆ ಬಂದಳು. ಬೆವರಿದ ಮುಖ ಒರೆಸಿಕೊಳ್ಳಲಿಲ್ಲ. ಬೆಳ್ಳಿ ಬಟ್ಟಲಿನವರ ಸಾಲುಗಳ ನಡುವೆ ನಡೆದಳು. ಸೀರೆಗಳು ಒಳಕ್ಕೆ ಸರಿದವು. ತಗಡಿನ ಲೋಟದವರ ಸಾಲು ದಾಟಿ ಬಾಗಿಲಲ್ಲಿ ನಿಂತಳು.

"ಅಪ್ಪಾ, ಬಾ."

ಕರಿಯಪ್ಪ ಎದ್ದ. "ಕರುದ್ರಾ?"

"ಅವ್ರು ಕರಿಯಲ್ಲ. ಅವತ್ತೇ ನಕ್ಬಿಟ್ರು. ನಾನು ಕರೀತಿದೀನಿ, ಬಾ."

ಮುದುಕ ತಮಟೆಯನ್ನು ಇನ್ನೊಮ್ಮೆ ಬೆಂಕಿಗೆ ಹಿಡಿದ. ಆಮೇಲೆ ಬಂದ. ಬೆನಕಪ್ಪ ಎರಡೂ ಕೈ ಅಗಲಿಸಿ ಬಾಗಿಲು ತುಂಬಿಕೊಂಡ. ಪಿಶಾಚಿಯ ಮಾತೆತ್ತಿದ. ಕರಿಯಪ್ಪ ಹೊಸ್ತಿಲ ಹೊರಗೆ ನಿಂತು ಅವನ ಮುಖ ನೋಡಿದ.

"ಒಂದನ್ನ ನನ್ನ ಕೈಲೇ ಸುಡಿಸಿದ್ರಿ. ಒಳಗೆ ಆ ಪೆಟ್ಟಿಗೆ ಉಸಿರಾಡ್ತೈತಲ್ಲ, ಅದ್ರಲ್ಲೂ ನಾನು ಹೊಲಿದ ತೊಗಲೈತೆ. ಅದನ್ನೂ ಸುಡ್ತೀರಾ?"

ಬೆನಕಪ್ಪ ಬಾಗಿಲು ಬಿಡಲಿಲ್ಲ. ಕರಿಯಪ್ಪ ಅವನನ್ನು ಮುಟ್ಟಲಿಲ್ಲ, ತಳ್ಳಲಿಲ್ಲ. ಹೊಸ್ತಿಲಿಗೆ ಒತ್ತಿ ನಿಂತು, ಬಿಸಿ ತಮಟೆಯನ್ನು ಎದೆಗೆ ಏರಿಸಿ ಬಾರಿಸಿದ. ಆ ಹೊಡೆತಕ್ಕೆ ಬೆನಕಪ್ಪನ ಕೈಗಳು ತಾವಾಗಿ ಕಿವಿಗೆ ಹೋದವು. ಬಾಗಿಲು ತೆರವಾಯಿತು. ಮುದುಕ ಒಳಗೆ ಕಾಲಿಟ್ಟ.

ಹಿಂದಿನ ಸಾಲಿನಲ್ಲಿ ಕೇರಿಯ ಕಾಂತಮ್ಮ ಮೊದಲು ತಿರುಗಿ ಕೂತಳು. ಆಮೇಲೆ ಈರಣ್ಣ. ಆಮೇಲೆ ಕೇರಿಯವರೆಲ್ಲರೂ ಪೀಠಕ್ಕೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿದರು. ಹುಚ್ಚಮ್ಮ ಹಾಡು ಎತ್ತಿಕೊಂಡಳು. ಕೊಟ್ಟಿಗೆಯಲ್ಲಿ ಹುಟ್ಟಿದವನನ್ನು ಕೇರಿಗೆ ಕರೆದರು. ಗೋಡೆಯ ಗಾರೆ ಉದುರಿತು. ಈ ಸಲ ಸುಣ್ಣ ನಿಜವಾಗಿಯೂ ಬಿತ್ತು.

ದೊರೆ ಕಣ್ಣು ತೆರೆದರು. ಏನಿದು ಎಂದು ಕೇಳಿದರು. ಹೊರಗಿನವರ ಗಲಾಟೆ ಎಂದು ತೀರ್ಥಪ್ಪ ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿದ. ದೊರೆ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಬಹಳ ಚೆನ್ನಾಗಿದೆ, ಆದರೆ ಇಂಥದ್ದನ್ನು ಸ್ವಲ್ಪ ದೂರದಿಂದ ಕೇಳಿದರೆ ಇನ್ನೂ ಚೆನ್ನ ಎಂದರು. ಹಾಡು ಮುಗಿಯಿತು. ಕರಿಯಪ್ಪ ತಮಟೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಬಂದ ಬಾಗಿಲಲ್ಲೇ ಹೊರಗೆ ಹೋದ.

ಕ್ರಿಸ್‌ಮಸ್ ದಿನ ಎಲ್ಲರಿಗೂ ಪ್ರೀತಿ ಭೋಜನವಿರುತ್ತಿತ್ತು. ಪ್ರೀತಿಗೆ ಎರಡು ಪಂಕ್ತಿ: ಜಗಲಿಯ ಮೇಲೆ ಬಾಳೆಲೆ, ಹುಣಸೆ ಮರದ ಕೆಳಗೆ ಮುತ್ತುಗದೆಲೆ. ಗಲಾಟೆ ಮಾಡಿದವರು ಮೊಣಕಾಲೂರಿ ಕ್ಷಮೆ ಕೇಳುವವರೆಗೆ ಮರದ ಕೆಳಗೆ ಬಡಿಸುವುದಿಲ್ಲ ಎಂದು ಬೆನಕಪ್ಪ ಸಾರಿದ. ಹುಚ್ಚಮ್ಮ ಇನ್ನು ತಿದಿಯನ್ನೂ ಅಂಗಳವನ್ನೂ ಮುಟ್ಟಕೂಡದು ಎಂದೂ ಸಾರಿದ. ಅವನ ಮಾತು ಮುಗಿಯುವಾಗ ಮರದ ಕೆಳಗೆ ಯಾರೂ ಇರಲಿಲ್ಲ. ಮಿಕ್ಕ ಅನ್ನ ಮಾಂಸದಿಂದ ಅಜ್ಜಂಪುರದ ನಾಯಿಗಳಿಗೆ ಆ ವರ್ಷದ ಕ್ರಿಸ್‌ಮಸ್ ಚೆನ್ನಾಗಿ ಆಯಿತು.

ಇಳಿಹೊತ್ತಿನಲ್ಲಿ ಕೇರಿಯ ಒಲೆಗಳು ಹೊತ್ತಿದವು. ಹುಚ್ಚಮ್ಮ ಮುದ್ದೆ ಕಟ್ಟಿ, ಹುರುಳಿ ಸಾರು ಬಿಟ್ಟು ಅಪ್ಪನ ಮುಂದೆ ತಟ್ಟೆ ಇಟ್ಟಳು. ಅವನು ಇನ್ನೂ ಮುರಿದಿರಲಿಲ್ಲ. ಗುಡಿಸಲ ಮುಂದೆ ಶಾರದಾಂಬಾ ಬಂದು ನಿಂತಳು. ಒಬ್ಬಳೇ. ಬರಿಗೈಯಲ್ಲಿ. ಪಕ್ಕದ ಗುಡಿಸಲಿನಿಂದ ಕಾಂತಮ್ಮ ಇಣುಕಿದಳು.

"ಏನಮ್ಮಾ," ಎಂದಳು ಹುಚ್ಚಮ್ಮ, "ಗಾಳಿ ತಕೊಂಡೋಗಕ್ಕೆ ಬಂದ್ರಾ?"

ಕಾಂತಮ್ಮ ಕಿಸಕ್ಕನೆ ನಕ್ಕಳು. ಶಾರದಾಂಬಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಇನ್ನೊಬ್ಬಳನ್ನು ತಿದಿಗೆ ಹಾಕುತ್ತಾರಂತೆ, ಭಾನುವಾರ ಬಾರಿಸಲು ಒಪ್ಪುವವರೆಗೆ ಅಡುಗೆಮನೆಗೆ ಕಾಲಿಡಬೇಡ ಎಂದು ಮನೆಯವರು ತನಗೆ ಅಂದಿದ್ದಾರೆ ಎಂದು ಹೇಳಿದಳು. ಹೇಳುವಾಗ ಅವಳ ಕಣ್ಣು ಹುಚ್ಚಮ್ಮನ ಅಂಗೈ ಮೇಲಿತ್ತು.

"ಒಪ್ಪಿದ್ರಾ?"

"ಇಲ್ಲ."

ಹುಚ್ಚಮ್ಮನಿಗೆ ಹಿಡಿಕೆಗೆ ಸುತ್ತಿದ ಬಟ್ಟೆ ನೆನಪಾಯಿತು. ತಗಡಿನ ಲೋಟವೂ ನೆನಪಾಯಿತು. ಪಾಪ ಎಂದೇನೂ ಅನ್ನಿಸಲಿಲ್ಲ. ಆದರೆ ಎದುರಿಗೆ ನಿಂತವಳ ತುಟಿ ಒಣಗಿದ್ದು ಕಂಡಿತು. ಹಸಿವಿನ ಮುಖ ಹೇಗಿರುತ್ತದೆಂದು ಆ ಕೇರಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ನಮ್ಮನೇಲಿರೋದು ತಗಡಿನ ತಟ್ಟೆ," ಎಂದಳು.

ಶಾರದಾಂಬಾ ಸೆರಗು ಬಿಗಿದುಕೊಂಡು, ಹೊಸ್ತಿಲ ಒಳಗೆ ಬಂದು, ಸಾರಿಸಿದ ನೆಲದ ಮೇಲೆ ಕೂತಳು.

ಕರಿಯಪ್ಪ ತನ್ನ ಮುಂದಿದ್ದ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಸಾರು ತುಳುಕದ ಹಾಗೆ, ಅವಳ ಕೈಗೆ ಕೊಟ್ಟ.